ಬಸ್ಸಿಗೆ ಅಂಟಿಕೊಂಡವರು

2025ರ ಅಕ್ಟೋಬರ್ 24ರಂದು ಪೀಯೂಷ್ ಪಾಂಡೆ ತೀರಿಕೊಂಡ ಸುದ್ದಿ ಹಬ್ಬಿದಾಗ, ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೆಯ ಬಸ್ಸು ಮತ್ತೆ ಓಡತೊಡಗಿತು. 2002ರ ಸುಮಾರಿಗೆ ತೆರೆಕಂಡ ಫೆವಿಕಾಲ್ ಜಾಹೀರಾತಿನ ಬಸ್ಸು ಅದು. ರಾಜಸ್ಥಾನದ ಮರಳುಗಾಡಿನ ಹೊಂಡ ಬಿದ್ದ ದಾರಿ. ಒಳಗೆ, ಮೇಲೆ, ಪಕ್ಕದಲ್ಲಿ, ಹಿಂದೆ ಎಲ್ಲೆಂದರಲ್ಲಿ ಜೇನುಗೂಡಿನಂತೆ ಮೆತ್ತಿಕೊಂಡಿರುವ ಜನ. ಬಸ್ಸು ಎಷ್ಟು ಕುಲುಕಿದರೂ ಒಬ್ಬರೂ ಬೀಳುವುದಿಲ್ಲ. ಕೊನೆಯಲ್ಲಿ ಬಸ್ಸಿನ ಹಿಂಬದಿ ಕಾಣುತ್ತದೆ; ಅಲ್ಲಿರುವುದು ಫೆವಿಕಾಲ್ ಫಲಕ. ಒಂದು ಮಾತೂ ಇಲ್ಲದ ಈ ಚಿತ್ರ ಕಾನ್ ಜಾಹೀರಾತು ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ನೋಡಿದರೂ ನಗು ಬರುತ್ತದೆ.

ನಗು ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಪ್ರಗತಿಪರರಿಗೆ ನಗಲು ಬರುವುದಿಲ್ಲ ಎಂಬ ಆರೋಪ ಹಳೆಯದು. ಆ ಆರೋಪಕ್ಕೆ ಇನ್ನೊಂದು ಸಾಕ್ಷಿ ಒದಗಿಸಬೇಕಾದ ಅಗತ್ಯವಿಲ್ಲ. ಈ ಜಾಹೀರಾತಿನ ಕಸುಬುಗಾರಿಕೆ ಅಚ್ಚುಕಟ್ಟಾದುದು. ಅಂಟಿನ ಗುಣವನ್ನು ಒಂದು ಅಕ್ಷರವಿಲ್ಲದೆ ಹೇಳಿದ ಜಾಣ್ಮೆಗೆ ತಲೆದೂಗಲೇಬೇಕು. ಆದರೆ ತಲೆದೂಗಿದ ಮೇಲೆ ಉಳಿಯುವ ಪ್ರಶ್ನೆಯೊಂದಿದೆ. ಬರೀ ವಲಸಿಗರ ಗುಂಪುಗಳಲ್ಲಿ ಮಾತ್ರವಲ್ಲ, ಎಡಪಂಥೀಯ, ಅಂಬೇಡ್ಕರ್‌ವಾದಿ, ಸ್ತ್ರೀವಾದಿ ಎಂದು ತಮ್ಮನ್ನು ಕರೆದುಕೊಳ್ಳುವವರ ಗುಂಪುಗಳಲ್ಲಿಯೂ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಜನ ಬಸ್ಸಿನ ಮೇಲೇಕೆ ಕುಳಿತಿದ್ದಾರೆ?

ಉತ್ತರ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಹಿಂದೆ ಇನ್ನೊಂದು ಬಸ್ಸು ಬರುವುದಿಲ್ಲ, ಅದಕ್ಕೆ. ಬಸ್ಸಿನ ಮೇಲೆ ಕುಳಿತವನಿಗೆ ಅಲ್ಲಿ ಕೂರುವುದು ಸಾಹಸವಲ್ಲ, ಅನಿವಾರ್ಯ. ರಾಯಚೂರು, ಯಾದಗಿರಿಯ ಹತ್ತಿ ಹೊಲಗಳಿಗೆ ಟಂಟಂಗಳಲ್ಲಿ ನಿಂತು ಹೋಗುವ ಹೆಂಗಸರಿಗೂ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮದುವೆ ದಿಬ್ಬಣಕ್ಕೆ ಹೊರಡುವ ಊರಿನವರಿಗೂ ಇದು ಹೊಸ ದೃಶ್ಯವಲ್ಲ. ಆ ಟ್ರೇಲರು ಉರುಳಿದ ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅಲ್ಲಿ ಜನ ಬೀಳುತ್ತಾರೆ. ಜಾಹೀರಾತಿನಲ್ಲಿ ಬೀಳುವುದಿಲ್ಲ. ನಗು ಹುಟ್ಟುವುದು ಸರಿಯಾಗಿ ಈ ಎರಡರ ನಡುವಿನ ಸಂದಿನಲ್ಲಿ: ಬೀಳಬೇಕಾದವರು ಬೀಳಲಿಲ್ಲ ಎಂಬ ಬೆರಗಿನಲ್ಲಿ. ಪ್ರಭುತ್ವದ ವೈಫಲ್ಯವೊಂದು ಇಲ್ಲಿ ಅಂಟಿನ ಗುಣವಾಗಿ ಮಾರ್ಪಾಡಾಗಿದೆ. ರಸ್ತೆ ಸರಿಯಿಲ್ಲ, ಬಸ್ಸು ಸಾಲದು, ಆದರೂ ಜನ ಹೇಗೋ ಹಿಡಿದುಕೊಂಡಿದ್ದಾರೆ ಎಂಬ ಆ "ಹೇಗೋ" ಎಂಬುದನ್ನು ಮಾರುಕಟ್ಟೆ ತನ್ನ ಸರಕಾಗಿ ಮಾಡಿಕೊಂಡಿದೆ.

ಒಂದು ಅಂಟಿನ ಜಾಹೀರಾತಿಗೆ ಇಷ್ಟು ಭಾರ ಹೇರಬೇಕೇ ಎಂದು ಕೇಳುವವರು ಇನ್ನೊಂದು ಬಸ್ಸನ್ನು ನೆನಪಿಸಿಕೊಳ್ಳಬಹುದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಅದರ ಬೆನ್ನಲ್ಲೇ ವಲಸಿಗರ ಮೊಬೈಲುಗಳಿಗೆ ಬಂದದ್ದೇನು? ತುಂಬಿದ ಬಸ್ಸುಗಳ ಚಿತ್ರಗಳು, ಸೀಟಿಗಾಗಿ ಜಗಳವಾಡುವ ಹೆಂಗಸರ ತುಣುಕುಗಳು, ಅವುಗಳ ಕೆಳಗೆ ನಗುವ ಮುಖಗಳ ಸಾಲು. ಧರ್ಮಸ್ಥಳಕ್ಕೋ ಸವದತ್ತಿಗೋ ಜೀವನದಲ್ಲಿ ಮೊದಲ ಸಲ ಗಂಡನನ್ನು ಕೇಳದೆ, ಕೈಯಲ್ಲಿ ಕಾಸಿಲ್ಲದೆ ಹೊರಟ ಹೆಂಗಸು ಹಾಸ್ಯದ ವಸ್ತುವಾದಳು. ಬಸ್ಸುಗಳ ಸಂಖ್ಯೆ ಹೆಚ್ಚಿಸಬೇಕು ಎಂಬ ಮಾತಿಗೆ ಬದಲಾಗಿ ಹೆಂಗಸರ ಸಂಖ್ಯೆ ಹೆಚ್ಚಾಯಿತು ಎಂಬ ಗೇಲಿ ಹುಟ್ಟಿತು. ತುಂಬಿ ತುಳುಕುವ ಬಸ್ಸನ್ನು ಕಂಡೊಡನೆ ನಗಬೇಕು ಎಂಬ ಪಾಠವನ್ನು ಒಂದು ಪೀಳಿಗೆಗೆ ಯಾರು ಕಲಿಸಿದರು ಎಂದು ಹುಡುಕುತ್ತ ಹೋದರೆ ಮರಳುಗಾಡಿನ ಆ ಬಸ್ಸೂ ದಾರಿಯಲ್ಲಿ ಸಿಗುತ್ತದೆ. ಅದೊಂದೇ ಕಾರಣವೆಂದಲ್ಲ, ಆದರೆ ಆ ನಗುವಿನ ಅಭ್ಯಾಸಕ್ಕೆ ಅದೂ ಒಂದು ಪಠ್ಯ.

ಪಾಂಡೆಯವರ ಪರವಾಗಿ ಹೇಳಬೇಕಾದ ಮಾತು ಸಣ್ಣದಲ್ಲ. ಅವರ ತಲೆಮಾರಿಗಿಂತ ಮುಂಚೆ ಭಾರತದ ಜಾಹೀರಾತು ಇಂಗ್ಲಿಷಿನಲ್ಲಿ ಯೋಚಿಸುತ್ತಿತ್ತು. ದಕ್ಷಿಣ ಮುಂಬಯಿಯ ಕಚೇರಿಗಳಲ್ಲಿ ಇಂಗ್ಲಿಷಿನಲ್ಲಿ ಬರೆದ ವಾಕ್ಯ ಅನುವಾದಗೊಂಡು ಜನರ ಬಳಿಗೆ ಹೋಗುತ್ತಿತ್ತು. ಬಡಗಿಯ ಅಂಗಡಿಯನ್ನು, ಹಳ್ಳಿಯ ಕಟ್ಟೆಯನ್ನು, ಪೇಟ ಸುತ್ತಿದ ಮುದುಕನನ್ನು, ನಾಲಗೆಯ ಮೇಲಿನ ಆಡುನುಡಿಯನ್ನು ಪರದೆಗೆ ತಂದವರಲ್ಲಿ ಪಾಂಡೆ ಮೊದಲ ಸಾಲಿನವರು. 1988ರಲ್ಲಿ ದೂರದರ್ಶನದಲ್ಲಿ ಬಂದ 'ಮಿಲೇ ಸುರ್ ಮೇರಾ ತುಮ್ಹಾರಾ' ಗೀತೆಯ ಸಾಹಿತ್ಯವೂ ಅವರದೇ. ಇಂಗ್ಲಿಷ್ ಬಲ್ಲವರ ಏಕಸ್ವಾಮ್ಯವನ್ನು ಮುರಿದದ್ದು ನಿಜವಾದ ಸಾಧನೆ. ಪ್ರಜಾಸತ್ತಾತ್ಮಕ ಎಂಬ ವಿಶೇಷಣವನ್ನೂ ಅದಕ್ಕೆ ಕೊಡಬಹುದು.

ಆದರೆ ಆ ಪ್ರಜಾಸತ್ತೆ ಹಿಂದಿಯ ಅಂಗಳಕ್ಕೆ ಬಂದು ನಿಂತಿತು. ಇಂಗ್ಲಿಷಿನಿಂದ ಬಿಡುಗಡೆ ಪಡೆದ ಜಾಹೀರಾತು ಹಿಂದಿಯಲ್ಲಿ ಯೋಚಿಸತೊಡಗಿತು. ಕನ್ನಡಕ್ಕೆ ಅದು ಹಿಂದಿನಂತೆಯೇ ಅನುವಾದವಾಗಿ ಬಂತು. ಇಲ್ಲೊಂದು ವಿಚಿತ್ರವಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥವರ ಮುಂದಾಳುತನದಲ್ಲಿ ಆರಂಭವಾದ ಹೋರಾಟದ ಫಲವಾಗಿ ಡಬ್ಬಿಂಗ್ ಸಿನಿಮಾಗಳು ಕನ್ನಡದ ಹೊಸಿಲನ್ನು ದಾಟಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಕಾನೂನಿಗೆ ವಿರುದ್ಧ ಎಂದು ಆದೇಶಿಸುವವರೆಗೂ, ಅದರ ನಂತರವೂ, ಕನ್ನಡ ಲೋಕ ಈ ವಿಷಯದಲ್ಲಿ ಎರಡು ಬಣಗಳಾಗಿ ಕಾದಾಡಿತು. ಡಬ್ಬಿಂಗ್ ಬಂದರೆ ಭಾಷೆ ಕೆಡುತ್ತದೆ, ಕಲಾವಿದರ ಅನ್ನ ಹೋಗುತ್ತದೆ ಎಂದು ಒಂದು ಬಣ ಹೇಳಿತು. ಜ್ಞಾನ, ಮನರಂಜನೆ ಎರಡೂ ತಾಯ್ನುಡಿಯಲ್ಲಿ ದೊರೆಯಬೇಕು ಎಂದು ಇನ್ನೊಂದು ಬಣ ವಾದಿಸಿತು. ಈ ಇಡೀ ಅವಧಿಯಲ್ಲಿ ಪ್ರತಿ ಸಂಜೆ, ಪ್ರತಿ ಧಾರಾವಾಹಿಯ ನಡುವೆ, ಡಬ್ಬಿಂಗ್ ಜಾಹೀರಾತುಗಳು ಅಡೆತಡೆಯಿಲ್ಲದೆ ಬರುತ್ತಿದ್ದವು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಕನ್ನಡದಲ್ಲಿ ಯಾರೂ ಆಡದ ಕನ್ನಡ. ಹಿಂದಿಯ ನುಡಿಗಟ್ಟನ್ನು ಪದಶಃ ಇಳಿಸಿ, ನಗೆಯ ಜಾಗದಲ್ಲಿ ಪೆಚ್ಚುತನವನ್ನು ಕೂರಿಸಿದ ಕನ್ನಡ.

ಎರಡೂ ಬಣಗಳಿಗೆ ಇದು ಕಾಣಲಿಲ್ಲ. ಜಾಹೀರಾತು ಸಂಸ್ಕೃತಿಯಲ್ಲ, ಬರೀ ವಿರಾಮ ಎಂದು ಇಬ್ಬರೂ ನಂಬಿದ್ದರು. ಮಗು ಕಥೆಗಿಂತ ಮೊದಲು ಜಾಹೀರಾತನ್ನು ಬಾಯಿಪಾಠ ಮಾಡುತ್ತದೆ ಎಂಬುದನ್ನು ಮನೆಮನೆಯಲ್ಲಿ ಕಂಡೂ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರಿಣಾಮವಾಗಿ, ನಗೆ ಎಂಬುದು ಬೇರೊಂದು ಭಾಷೆಯಲ್ಲಿ ಹುಟ್ಟಿ ಕನ್ನಡಕ್ಕೆ ಇಳಿಯುವಂಥದ್ದು ಎಂಬ ಭಾವನೆ ಒಂದು ಪೀಳಿಗೆಯಲ್ಲಿ ಗಟ್ಟಿಯಾಯಿತು. ಇಂದು ಡಾಲಸ್ಸಿನಲ್ಲಿಯೋ ದುಬೈಯಲ್ಲಿಯೋ ಕುಳಿತ ಕನ್ನಡಿಗ ತನ್ನ ಬಾಲ್ಯದ ತಮಾಷೆಯ ಜಾಹೀರಾತುಗಳನ್ನು ನೆನೆಯುವಾಗ ಅವನ ಬಾಯಿಗೆ ಬರುವ ಸಾಲುಗಳು ಬಹುಪಾಲು ಹಿಂದಿಯವು. ಹಿಂದಿ ಹೇರಿಕೆಯ ವಿರುದ್ಧ ಅವನು ಬರೆಯುವ ಪೋಸ್ಟಿನ ಪಕ್ಕದಲ್ಲಿಯೇ ಆ ಹಂಬಲವೂ ಇರುತ್ತದೆ. ಹೇರಿಕೆ ಆದೇಶದ ರೂಪದಲ್ಲಿ ಬಂದರೆ ಗುರುತು ಸಿಗುತ್ತದೆ. ನಗೆಯ ರೂಪದಲ್ಲಿ ಬಂದರೆ ನೆನಪಾಗಿ ಉಳಿಯುತ್ತದೆ.

ಬಸ್ಸಿನಿಂದ ಇಳಿದು ಅರಮನೆಗೆ ಹೋಗೋಣವೆಂದರೆ ಅಲ್ಲಿಯೂ ಇದೇ ಕಥೆ. ಪ್ರಸೂನ್ ಜೋಶಿ ಬರೆದು ರಾಮ್ ಮಾಧ್ವಾನಿ ನಿರ್ದೇಶಿಸಿದ ಹ್ಯಾಪಿಡೆಂಟ್ ಚ್ಯೂಯಿಂಗ್ ಗಮ್ಮಿನ ಜಾಹೀರಾತು ಭಾರತದ ಅತ್ಯಂತ ಕಲ್ಪನಾಶೀಲ ಜಾಹೀರಾತುಗಳ ಪಟ್ಟಿಯಲ್ಲಿ ಈಗಲೂ ಮೇಲಿನ ಸ್ಥಾನದಲ್ಲಿದೆ. ಕತ್ತಲಾಗುವ ಹೊತ್ತು. ಕೆಲಸಕ್ಕೆ ತಡವಾಯಿತೆಂದು ಒಬ್ಬ ಅರಮನೆಯ ಕಡೆಗೆ ಧಾವಿಸುತ್ತಾನೆ. ದಾರಿಯ ದೀಪಗಳೆಲ್ಲ ಮನುಷ್ಯರು. ಗಮ್ ಅಗಿದು ಹಲ್ಲು ತೋರಿಸಿದರೆ ಬೆಳಕು. ಅವನು ಕೊನೆಗೆ ರಾಜನ ಸಭಾಂಗಣದ ತೂಗುದೀಪಕ್ಕೆ ಏರಿ, ತನ್ನ ಜಾಗದಲ್ಲಿ ತೂಗಿಕೊಂಡು ಹಲ್ಲು ಕಿರಿಯುತ್ತಾನೆ. ದರ್ಬಾರು ಬೆಳಗುತ್ತದೆ.

ಇದನ್ನು ಊಳಿಗಮಾನ್ಯ ವ್ಯವಸ್ಥೆಯ ವಿಡಂಬನೆ ಎಂದು ಓದಲು ಸಾಧ್ಯವಿದೆ. ಹಾಗೆ ಓದಿದವರೂ ಇರಬಹುದು. ಆದರೆ ಕಥೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಗಮನಿಸಬೇಕು. ವಿಡಂಬನೆಯಾಗಿದ್ದರೆ ದೀಪ ಒಮ್ಮೆಯಾದರೂ ಆರಬೇಕಿತ್ತು, ರಾಜ ಒಮ್ಮೆಯಾದರೂ ಕತ್ತಲೆಯಲ್ಲಿ ಎಡವಬೇಕಿತ್ತು. ಇಲ್ಲಿ ಸಮಾಧಾನ ದೊರೆಯುವುದು ಆಳು ತನ್ನ ಕೊಕ್ಕೆಗೆ ಸಮಯಕ್ಕೆ ಸರಿಯಾಗಿ ತಲುಪಿದ್ದರಲ್ಲಿ. ನೋಡುಗನ ಆತಂಕವೆಲ್ಲ ಅವನು ತಡಮಾಡಿಬಿಟ್ಟಾನೆಂಬುದು. ಅವನೇಕೆ ತೂಗಬೇಕು ಎಂಬುದಲ್ಲ. 2006–07ರ ಸುಮಾರಿನಲ್ಲಿ ಈ ಜಾಹೀರಾತು ಬಂದಾಗ ಭಾರತದ ಬೆಳಕಿನ ಸ್ಥಿತಿ ಹೇಗಿತ್ತು? 2011ರ ಜನಗಣತಿಯ ಹೊತ್ತಿಗೂ ದೇಶದ ಕುಟುಂಬಗಳಲ್ಲಿ ವಿದ್ಯುತ್ತನ್ನು ಬೆಳಕಿನ ಮುಖ್ಯ ಮೂಲವಾಗಿ ಬಳಸುತ್ತಿದ್ದವು ಶೇ. 67ರಷ್ಟು ಮಾತ್ರ. ಉಳಿದ ಮೂರನೆಯ ಒಂದು ಭಾಗಕ್ಕೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಬುಡ್ಡಿಯ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳ ದೇಶ, ತಾನೇ ದೀಪವಾಗಿ ತೂಗುವ ಮನುಷ್ಯನನ್ನು ಕಂಡು ನಕ್ಕಿತು, ಜಗತ್ತಿಗೆ ಹೆಮ್ಮೆಯಿಂದ ತೋರಿಸಿತು.

ಈ ಓದು ಅತಿಯಾಯಿತು ಎನ್ನುವವರಿಗೆ ಇತಿಹಾಸವೇ ಮುಂದಿನ ಕಂತನ್ನು ಒದಗಿಸಿದೆ. 2023ರ ಜೂನ್‌ನಲ್ಲಿ, ವಿಶ್ವ ಪರಿಸರ ದಿನದ ನೆಪದಲ್ಲಿ, ಜೊಮ್ಯಾಟೊ ಒಂದು ತಮಾಷೆಯ ಜಾಹೀರಾತು ಬಿಡುಗಡೆ ಮಾಡಿತು. 2001ರ 'ಲಗಾನ್' ಚಿತ್ರದಲ್ಲಿ ಅಸ್ಪೃಶ್ಯ ಪಾತ್ರಕ್ಕೆ 'ಕಚ್ರಾ' ಎಂಬ ಹೆಸರಿತ್ತು. ಕಚ್ರಾ ಎಂದರೆ ಕಸ. ಆ ಪಾತ್ರ ಮಾಡಿದ ನಟನನ್ನೇ ಕರೆತಂದು, ಕಸದಿಂದ ಮರುಬಳಕೆಯಾಗಿ ಬಂದ ವಸ್ತುಗಳ ರೂಪದಲ್ಲಿ ಅವನನ್ನು ಕೂರಿಸಲಾಯಿತು. ಒಮ್ಮೆ ಅವನು ಮೇಜು, ಒಮ್ಮೆ ಹೂಕುಂಡ. ಒಮ್ಮೆ ದೀಪ. ಅರಮನೆಯ ತೂಗುದೀಪದಿಂದ ಮಧ್ಯಮವರ್ಗದ ಮನೆಯ ಮೇಜಿನ ದೀಪದವರೆಗೆ ಆ ಮನುಷ್ಯ ನಡೆದು ಬಂದಿದ್ದ. ಈ ಬಾರಿ ಅವನ ಜಾತಿ ಯಾವುದೆಂದು ಊಹಿಸುವ ತೊಂದರೆಯನ್ನೂ ನೋಡುಗನಿಗೆ ಉಳಿಸಲಿಲ್ಲ. ದಲಿತ ಬರಹಗಾರರು, ಚಿತ್ರಕರ್ಮಿಗಳು ಕಟುವಾಗಿ ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಪ್ಲಾಸ್ಟಿಕ್ ಕಸದ ಬಗ್ಗೆ ಹಾಸ್ಯದ ಮೂಲಕ ಅರಿವು ಮೂಡಿಸುವುದಷ್ಟೇ ತನ್ನ ಉದ್ದೇಶವಾಗಿತ್ತು ಎಂಬುದು ಅದರ ಸಮಜಾಯಿಷಿ.

ಆ ಸಮಜಾಯಿಷಿಯಲ್ಲಿಯೇ ಈ ಇಡೀ ಉದ್ಯಮದ ಮರ್ಮವಿದೆ. ಉದ್ದೇಶ ಒಳ್ಳೆಯದಿತ್ತು, ಹಾಸ್ಯ ಮಾಡಿದ್ದೆವು. ಆ ಜಾಹೀರಾತನ್ನು ಒಬ್ಬನೇ ಕುಳಿತು ಮಾಡಿರುವುದಿಲ್ಲ. ಬರೆದವರು, ಒಪ್ಪಿಗೆ ಕೊಟ್ಟವರು, ಚಿತ್ರಿಸಿದವರು, ಸಂಕಲಿಸಿದವರು, ಹಣ ಮಂಜೂರು ಮಾಡಿದವರು ಇಷ್ಟು ಜನರ ಕೈದಾಟಿ ಅದು ಹೊರಬಂದಿದೆ. ಮನುಷ್ಯನನ್ನು ಕಸವೆಂದು ಕರೆದ ಹೆಸರಿನ ಮೇಲೆ ಶ್ಲೇಷೆ ಕಟ್ಟುವಾಗ ಅಷ್ಟು ಜನರಲ್ಲಿ ಯಾರೂ ಅದನ್ನು ತಡೆಯಲಿಲ್ಲವೆಂದರೆ, ಆ ಕೋಣೆಯಲ್ಲಿ ಯಾರು ಇರಲಿಲ್ಲ ಎಂಬುದು ತಾನೇ ತಿಳಿಯುತ್ತದೆ.

ಗಂಭೀರ ಜಾಹೀರಾತಿನೊಂದಿಗೆ ಜಗಳವಾಡಬಹುದು, ಏಕೆಂದರೆ ಅದು ಒಂದು ವಾದವನ್ನು ಮುಂದಿಡುತ್ತದೆ. ಕಪ್ಪು ಹುಡುಗಿಗೆ ಕೆಲಸ ಸಿಗುವುದಿಲ್ಲ, ಬಿಳುಪಾದರೆ ಸಿಗುತ್ತದೆ ಎಂದು ಫೇರ್ ಅಂಡ್ ಲವ್ಲಿ ಕಣ್ಣೀರಿನ ಕಥೆ ಹೇಳಿದಾಗ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಅದನ್ನು ಹಿಡಿದು ನಿಲ್ಲಿಸಿತು. 2003ರಲ್ಲಿ ಆ ಜಾಹೀರಾತುಗಳು ತೆರೆಯಿಂದ ಇಳಿದವು. ಹೆಸರಿನಿಂದ 'ಫೇರ್' ಎಂಬ ಪದ ಹೋಗಲು 2020ರವರೆಗೆ ಕಾಯಬೇಕಾಯಿತು, ಅದು ಬೇರೆ ಮಾತು. ಆದರೆ ಜಗಳಕ್ಕೆ ಅಲ್ಲಿ ನೆಲವಿತ್ತು. ತಮಾಷೆಯ ಜಾಹೀರಾತು ಆ ನೆಲವನ್ನೇ ಉಳಿಸುವುದಿಲ್ಲ. ಅದು ಏನನ್ನೂ ಸಾಧಿಸಲು ಹೊರಟಿಲ್ಲ ಎಂಬ ಮುಖ ಹೊತ್ತುಕೊಂಡು ಬರುತ್ತದೆ. ನಕ್ಕವನು ಆಗಲೇ ಅದರ ಪಾಲುದಾರ, ನಗದವನು ಅರಸಿಕ. ಆಕ್ಷೇಪಿಸಿದ ದಲಿತನಿಗೆ, ಹೆಂಗಸಿಗೆ, ಬಡವನಿಗೆ "ತಮಾಷೆ ಅರ್ಥವಾಗುವುದಿಲ್ಲ" ಎಂಬ ಪಟ್ಟ ಕಟ್ಟಲು ಸಭೆಯೇ ಸಿದ್ಧವಾಗಿರುತ್ತದೆ.

ಹೊರದೇಶದ ಕನ್ನಡಿಗರಿಗೆ ಈ ಸಬೂಬು ಒಪ್ಪುವಂಥದ್ದಲ್ಲ ಎಂಬುದಕ್ಕೆ ಅವರು ಬಾಳುತ್ತಿರುವ ದೇಶಗಳೇ ಸಾಕ್ಷಿ. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2019ರ ಜೂನ್‌ನಲ್ಲಿ ಹಾನಿಕರ ಲಿಂಗ ಪೂರ್ವಗ್ರಹಗಳ ವಿರುದ್ಧ ನಿಯಮ ತಂದಿತು. ಅದರಡಿ ಮೊದಲು ನಿಷೇಧಕ್ಕೆ ಒಳಗಾದ ಜಾಹೀರಾತುಗಳಲ್ಲಿ ಒಂದು ಫಿಲಡೆಲ್ಫಿಯಾ ಚೀಸಿನದು: ತಿನ್ನುವ ಮೋಹದಲ್ಲಿ ಅಪ್ಪಂದಿರು ಎಳೆಗೂಸುಗಳನ್ನು ಆಹಾರ ಸಾಗಿಸುವ ಪಟ್ಟಿಯ ಮೇಲೆ ಮರೆತುಬಿಡುವ ತಮಾಷೆಯ ಚಿತ್ರ. ಮಕ್ಕಳನ್ನು ನೋಡಿಕೊಳ್ಳಲು ಗಂಡಸರಿಗೆ ಬರುವುದಿಲ್ಲ ಎಂಬ ನಗೆಯ ಒಳಗೆ, ಆ ಕೆಲಸ ಹೆಂಗಸರದೇ ಎಂಬ ತೀರ್ಪು ಅಡಗಿದೆಯೆಂದು ಅಲ್ಲಿ ವಾದವಾಯಿತು. ಆ ತೀರ್ಮಾನ ಅತಿರೇಕವೆಂದವರೂ ಇದ್ದರು. ಒಪ್ಪಿಗೆ ಇರಲಿ, ಬಿಡಲಿ, ನಗೆಯೂ ಉತ್ತರ ಹೇಳಬೇಕಾದ ಮಾತು ಎಂದು ಒಂದು ಸಮಾಜ ಒಪ್ಪಿಕೊಂಡಿತ್ತು. ಲಂಡನ್ನಿನಲ್ಲಿ ತನ್ನ ಚರ್ಮದ ಬಣ್ಣದ ಮೇಲೆ, ಉಚ್ಚಾರದ ಮೇಲೆ ಸಹೋದ್ಯೋಗಿ ತಮಾಷೆ ಮಾಡಿದರೆ ದೂರು ಕೊಡುವ ಹಕ್ಕನ್ನು ಬಳಸುವ ವಲಸಿಗ, ಊರಿನ ಕೂಲಿಯವನ ಮೇಲಿನ ತಮಾಷೆಯನ್ನು ಮಾತ್ರ ಸೃಜನಶೀಲತೆ ಎಂದು ಹಂಚುತ್ತಾನೆ. ಒಂದೇ ಮನುಷ್ಯನ ಎರಡು ಕಿಸೆಗಳಲ್ಲಿ ಎರಡು ಅಳತೆಗೋಲು.

ಕರ್ನಾಟಕದ ನೆಲಕ್ಕೇ ಬರುವುದಾದರೆ 2021ರ ಏಪ್ರಿಲ್‌ನ ಜಾಹೀರಾತೊಂದನ್ನು ಮರೆಯಲಾಗದು. ಕ್ರೆಡ್ ಎಂಬ ಬೆಂಗಳೂರಿನ ಕಂಪನಿಯದು. ಸೌಮ್ಯತೆಗೆ ಹೆಸರಾದ ರಾಹುಲ್ ದ್ರಾವಿಡ್ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಸಿಲುಕಿ, ತಾಳ್ಮೆಗೆಟ್ಟು, ಕಾರಿನಿಂದ ಹೊರಬಾಗಿ, ಬ್ಯಾಟಿನಿಂದ ಕನ್ನಡಿ ಒಡೆದು, ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸುತ್ತಾರೆ. ಅಮೆರಿಕದಿಂದ ಆಸ್ಟ್ರೇಲಿಯಾದವರೆಗೆ ಕನ್ನಡಿಗರು ಅದನ್ನು ತಮ್ಮದೇ ಮನೆಯ ಹುಡುಗನ ತುಂಟತನವೆಂಬಂತೆ ಆನಂದಿಸಿದರು. ಜಾಹೀರಾತು ಚೆನ್ನಾಗಿತ್ತು, ದ್ರಾವಿಡ್ ಅವರ ನಟನೆಯಂತೂ ಯಾರೂ ನಿರೀಕ್ಷಿಸದಷ್ಟು ಸೊಗಸು.

ಆದರೆ ಎಲ್ಲರ ಬಾಯಲ್ಲಿ ಉಳಿದ ಆ ಸಾಲು ಹಿಂದಿಯಲ್ಲಿತ್ತು. ಬೆಂಗಳೂರಿನ ರಸ್ತೆ, ಬೆಂಗಳೂರಿನಲ್ಲಿ ಬೆಳೆದ ಆಟಗಾರ, ಬೆಂಗಳೂರಿನ ಕಂಪನಿ. ಸಿಟ್ಟು ಮಾತ್ರ ಹಿಂದಿಯಲ್ಲಿ. ಅದಕ್ಕಿಂತ ಮುಖ್ಯವಾದ ಸಂಗತಿ ಆ ಪದದಲ್ಲಿಯೇ ಇದೆ. ಕರ್ನಾಟಕದಲ್ಲಿ ಗೂಂಡಾ ಎಂಬುದು ಬೈಗುಳ ಮಾತ್ರವಲ್ಲ, ಕಾನೂನಿನ ಪರಿಭಾಷೆ. 1985ರ ಕಾಯ್ದೆಯೊಂದನ್ನು ಜನ ಗೂಂಡಾ ಕಾಯ್ದೆ ಎಂದೇ ಕರೆಯುತ್ತಾರೆ. ಅದರಡಿ ವಿಚಾರಣೆಯಿಲ್ಲದೆ ಒಬ್ಬನನ್ನು ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಆ ಪಟ್ಟಿಗೆ ಹೆಸರು ಸೇರುವುದು ಇಂದಿರಾನಗರದ ಬಂಗಲೆಗಳಿಂದಲ್ಲ, ನಗರದ ಸ್ಲಂಗಳಿಂದ. ಅಲ್ಲಿನ ಹುಡುಗನೊಬ್ಬ ಅದೇ ರಸ್ತೆಯಲ್ಲಿ ಅದೇ ಬ್ಯಾಟಿನಿಂದ ಅದೇ ಕನ್ನಡಿ ಒಡೆದಿದ್ದರೆ ಅದು ಜಾಹೀರಾತಾಗುತ್ತಿರಲಿಲ್ಲ, ಎಫ್‌ಐಆರ್ ಆಗುತ್ತಿತ್ತು. ಗೂಂಡಾ ಎಂಬ ಪದ ಯಾರಿಗೆ ಅಂಟುವುದಿಲ್ಲವೋ ಅವರ ಬಾಯಲ್ಲಿ ಮಾತ್ರ ಅದು ತಮಾಷೆ. ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಸಕಾಲಕ್ಕೆ ಕಟ್ಟಿ ಒಳ್ಳೆಯ ಅಂಕ ಪಡೆದವರಿಗಾಗಿಯೇ ಇರುವ ಕಂಪನಿಗೆ ಆ ತಮಾಷೆ ಹೇಳಿ ಮಾಡಿಸಿದಂತಿತ್ತು.

ಇಷ್ಟರವರೆಗಿನ ಮಾತು ಸರಕುಗಳದು. ಆದರೆ ನಗೆಯನ್ನು ಅಂಟಾಗಿ ಬಳಸುವ ವಿದ್ಯೆ ಸರಕಿನ ಗಡಿಯಲ್ಲಿ ನಿಲ್ಲುವುದಿಲ್ಲ. 2004ರಲ್ಲಿ 'ಇಂಡಿಯಾ ಶೈನಿಂಗ್' ಎಂಬ ಗಂಭೀರ, ಮಿರಿಮಿರಿ ಮಿನುಗುವ ಪ್ರಚಾರ ಸೋತಿತು. ಹೊಟ್ಟೆ ತುಂಬದವನಿಗೆ ದೇಶ ಹೊಳೆಯುತ್ತಿದೆ ಎಂದು ಹೇಳಿದರೆ ಅವನು ತನ್ನ ತಟ್ಟೆ ನೋಡಿಕೊಳ್ಳುತ್ತಾನೆ. ಅದೊಂದು ವಾದವಾಗಿತ್ತು; ಮತದಾರ ಅದಕ್ಕೆ ಮತಗಟ್ಟೆಯಲ್ಲಿ ಉತ್ತರ ಕೊಟ್ಟ. ಜಾಹೀರಾತಿಗೆ ಎಲ್ಲವನ್ನೂ ಮಾರುವ ಶಕ್ತಿಯಿಲ್ಲ ಎಂಬುದಕ್ಕೆ ಆ ಸೋಲು ಸಾಕ್ಷಿ. ಹತ್ತು ವರ್ಷಗಳ ನಂತರ ಅದೇ ಪಕ್ಷ ಪಾಠ ಕಲಿತು ಬಂದಿತು. 2014ರ 'ಅಬ್ ಕೀ ಬಾರ್, ಮೋದಿ ಸರ್ಕಾರ್' ಎಂಬ ಘೋಷಣೆ ಹುಟ್ಟಿದ್ದು ಪೀಯೂಷ್ ಪಾಂಡೆಯವರ ಬಳಗದಲ್ಲಿ. ಅದರಲ್ಲಿ ಯಾವ ವಾದವೂ ಇರಲಿಲ್ಲ, ಪ್ರಾಸವಿತ್ತು. ಮಕ್ಕಳು ಅದಕ್ಕೆ ತಮ್ಮದೇ ಸಾಲುಗಳನ್ನು ಜೋಡಿಸಿದರು, ವಿರೋಧಿಗಳು ಅಣಕಿಸಿದರು, ಅಣಕಿಸಿದಷ್ಟೂ ಅದು ಗಟ್ಟಿಯಾಗಿ ಅಂಟಿತು. ಯಾವ ಸರ್ಕಾರ, ಯಾರಿಗಾಗಿ, ಯಾರ ಹಣದಿಂದ ಎಂಬ ಪ್ರಶ್ನೆಗಳಿಗೆ ಪ್ರಾಸದಲ್ಲಿ ಜಾಗವಿರಲಿಲ್ಲ.

ಆ ಪ್ರಾಸ ಸಮುದ್ರವನ್ನೂ ದಾಟಿತು. 2016ರಲ್ಲಿ ಅಮೆರಿಕದ ಭಾರತೀಯ ಮೂಲದ ಮತದಾರರಿಗೆಂದು ಮಾಡಿದ ಪ್ರಚಾರ ಜಾಹೀರಾತಿನಲ್ಲಿ ಡೊನಾಲ್ಡ್ ಟ್ರಂಪ್ ತೊದಲುತ್ತ 'ಅಬ್ ಕೀ ಬಾರ್, ಟ್ರಂಪ್ ಸರ್ಕಾರ್' ಎಂದರು. ಆ ಉಚ್ಚಾರವನ್ನು ಕೇಳಿ ವಲಸಿಗರು ನಕ್ಕರು. ಪ್ರಗತಿಪರರೂ ಅದೊಂದು ಹಾಸ್ಯದ ತುಣುಕೆಂದು ಹಂಚಿದರು. 2019ರ ಸೆಪ್ಟೆಂಬರ್ 22ರಂದು ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ ಸುಮಾರು 50,000 ಜನರ ಮುಂದೆ ಭಾರತದ ಪ್ರಧಾನಿ ಅದೇ ಸಾಲನ್ನು ನೆನಪಿಸಿದಾಗ ಕ್ರೀಡಾಂಗಣ ಕೇಕೆ ಹಾಕಿತು. ಅದರ ಮುಂದಿನ ಅಧ್ಯಾಯಗಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಅಮೃತಸರಕ್ಕೆ ತಂದಿಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ಬೆಂಗಳೂರಿಗೆ ರಜೆಗೆ ಹೋಗಿದ್ದ ಇಂಜಿನಿಯರುಗಳು ಮರಳಿ ಹೊರಡುವ ವಿಮಾನಕ್ಕಾಗಿ ತಡಕಾಡಿದರು. ಆ ಸರ್ಕಾರ್ ಎಂಬ ಪದದೊಳಗೆ ಏನಿತ್ತು ಎಂಬುದು ಆಗ ತಿಳಿಯಿತು. ಪ್ರಾಸವಾಗಿ ಬಂದದ್ದು ಸುಗ್ರೀವಾಜ್ಞೆಯಾಗಿ ಬಾಗಿಲು ತಟ್ಟುವಾಗ ನಗೆಯ ಸದ್ದು ಇರಲಿಲ್ಲ.

ಈ ಎಲ್ಲವನ್ನೂ ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಅನ್ಯಾಯ. ಪಾಂಡೆ ಕಸುಬುದಾರ, ಗಿರಾಕಿ ಕೇಳಿದ್ದನ್ನು ಅತ್ಯುತ್ತಮವಾಗಿ ಮಾಡಿಕೊಟ್ಟರು. ಅಂಟಿಗೂ ಚಾಕೊಲೆಟ್ಟಿಗೂ ಪಕ್ಷಕ್ಕೂ ಒಂದೇ ಶ್ರದ್ಧೆ. ಆಕ್ಷೇಪ ಇರಬೇಕಾದದ್ದು ಆ ಒಂದೇತನದ ಬಗ್ಗೆ. ಅಂಟು, ಚಾಕೊಲೆಟ್, ಸರ್ಕಾರ ಇವು ಮೂರೂ ಒಂದೇ ಬಗೆಯಲ್ಲಿ ಮನಸ್ಸಿಗೆ ಅಂಟಬಹುದು ಎಂದು ನಂಬಿಸಿದ ಲೋಕದೃಷ್ಟಿಯ ಬಗ್ಗೆ. ಮತ್ತು ಆ ಲೋಕದೃಷ್ಟಿಯನ್ನು ತಮ್ಮ ಹಂಬಲದ ಭಾಗವಾಗಿಸಿಕೊಂಡು, ವಿಮರ್ಶೆಯ ಕತ್ತಿಯನ್ನು ಸಿನಿಮಾಕ್ಕೆ, ಕಾದಂಬರಿಗೆ, ಪಠ್ಯಪುಸ್ತಕಕ್ಕೆ ಮೀಸಲಿಟ್ಟು, ಮೂವತ್ತು ಸೆಕೆಂಡಿನ ಚಿತ್ರಕ್ಕೆ ಮಾತ್ರ ಮಾಫಿ ಕೊಡುವ ಪ್ರಗತಿಪರ ವಲಯದ ಬಗ್ಗೆ.

ಕನ್ನಡಕ್ಕೆ ನಗೆಯ ಬಡತನವಿಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ 'ಕೊರವಂಜಿ' ಕಾಲು ಶತಮಾನ ಕಾಲ ಕನ್ನಡಿಗರನ್ನು ನಗಿಸಿತು, ಮೈಸೂರಿನ ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ಗೆರೆಗಳನ್ನು ಎಳೆದದ್ದು ಅದರ ಪುಟಗಳಲ್ಲಿ. ಟಿ.ಪಿ. ಕೈಲಾಸಂ ಮಧ್ಯಮವರ್ಗದ ಟೊಳ್ಳನ್ನು ಅದೇ ವರ್ಗದ ಬೆರಕೆ ನುಡಿಯಲ್ಲಿ ಬಯಲಿಗೆಳೆದರು. 1980ರಲ್ಲಿ ಹೊರಬಂದ 'ಲಂಕೇಶ್ ಪತ್ರಿಕೆ' ಮುಖ್ಯಮಂತ್ರಿಯನ್ನೇ ನಗೆಪಾಟಲು ಮಾಡಿತು. ಅದು ಹಾಗೆ ನಗಲು ಸಾಧ್ಯವಾದದ್ದೇಕೆ ಎಂಬುದು ಇಂದಿಗೂ ನೆನಪಿಡಬೇಕಾದ ಸಂಗತಿ: ಆ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗ ಕೊಟ್ಟ ಚಿಲ್ಲರೆಯಲ್ಲಿ ಬದುಕಿತು. ಹಾಗಾಗಿ ಅದರ ನಗು ಮೇಲಕ್ಕೆ ಏರುತ್ತಿತ್ತು. ಮಂತ್ರಿಯ ಕಡೆಗೆ, ಮಠದ ಕಡೆಗೆ, ಗುತ್ತಿಗೆದಾರನ ಕಡೆಗೆ. ಬಸ್ಸಿನ ಮೇಲೆ ಕುಳಿತವನ ಕಡೆಗೆ ಇಳಿಯುವ ಅಗತ್ಯ ಅದಕ್ಕಿರಲಿಲ್ಲ. ಯಾರ ದುಡ್ಡಿನಲ್ಲಿ ನಗುತ್ತೇವೆಯೋ ಅವರನ್ನು ಕುರಿತು ನಗಲಾಗದು ಎಂಬ ಸರಳ ಸತ್ಯವನ್ನು ಆ ಪತ್ರಿಕೆ ತನ್ನ ಲೆಕ್ಕಪುಸ್ತಕದಲ್ಲಿಯೇ ಬರೆದಿಟ್ಟಿತ್ತು.

ಹೊರದೇಶದ ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳನ್ನು ತಿರುವಿದರೆ ಈ ಸತ್ಯದ ಇನ್ನೊಂದು ಮಗ್ಗುಲು ಕಾಣುತ್ತದೆ. ಪಂಪನ ಕುರಿತ ಪ್ರಬಂಧದ ಎದುರು ಪುಟದಲ್ಲಿ ಬೆಂಗಳೂರು ಹೊರವಲಯದ ನಿವೇಶನದ ಜಾಹೀರಾತು. ಆ ನಿವೇಶನ ನಿನ್ನೆಯವರೆಗೆ ಯಾರ ಹೊಲವಾಗಿತ್ತು, ಅಲ್ಲಿದ್ದ ಕೆರೆ ಎಲ್ಲಿ ಹೋಯಿತು ಎಂಬ ಲೇಖನಕ್ಕೆ ಅದೇ ಸಂಚಿಕೆಯಲ್ಲಿ ಜಾಗ ಸಿಗುವುದು ಕಷ್ಟ. ಹಾಸ್ಯ ಕವಿಗೋಷ್ಠಿಗೆ ಮಾತ್ರ ಯಾವಾಗಲೂ ಸಂಜೆಯ ಉತ್ತಮ ಹೊತ್ತು ಮೀಸಲು. ಅಲ್ಲಿ ಹೆಂಡತಿಯ ಮೇಲೆ, ಮನೆಗೆಲಸದವಳ ಮೇಲೆ, ಹಳ್ಳಿಯ ಗಮಾರನ ಮೇಲೆ ನಗೆ.

ನಗುವುದನ್ನು ಬಿಡಬೇಕೆಂದು ಯಾರೂ ಕೇಳುತ್ತಿಲ್ಲ. ಬೇಕಾದದ್ದು ಇನ್ನೂ ಕಡಿಮೆ, ಇನ್ನೂ ಕಷ್ಟ. ಮುಂದಿನ ಸಲ ತಮಾಷೆಯ ಜಾಹೀರಾತೊಂದು ಮೊಬೈಲಿಗೆ ಬಂದಾಗ, ಅದನ್ನು ದಾಟಿಸುವ ಮುನ್ನ, ಅದರೊಳಗೆ ಮಾತಿಲ್ಲದೆ ನಿಂತಿರುವ ಮನುಷ್ಯ ಯಾರು ಎಂದು ಒಮ್ಮೆ ನೋಡುವುದು. ಜಾಹೀರಾತನ್ನು ಕಾದಂಬರಿಯಷ್ಟೇ ಗಂಭೀರವಾದ ಪಠ್ಯವೆಂದು ಪರಿಗಣಿಸಿ ಕನ್ನಡದಲ್ಲಿ ವಿಮರ್ಶೆ ಬರೆಯುವುದು. ಡಬ್ಬಿಂಗಿನ ವಾದದಲ್ಲಿ ಜಾಹೀರಾತಿಗೂ ಒಂದು ಕುರ್ಚಿ ಹಾಕುವುದು. ಕನ್ನಡಿಗರ ಜೇಬಿನಿಂದ ಹಣ ಬೇಕಾದ ಕಂಪನಿ ಕನ್ನಡದಲ್ಲಿ ಯೋಚಿಸಿದ ಜಾಹೀರಾತು ಮಾಡಲಿ ಎಂದು ಆಗ್ರಹಿಸುವುದು. ಶಕ್ತಿ ಬಸ್ಸಿನ ಹೆಂಗಸರ ಮೇಲಿನ ಗೇಲಿ ಬಂದಾಗ ಆ ಗುಂಪಿನಲ್ಲಿ ಒಬ್ಬರಾದರೂ "ಬಸ್ಸುಗಳು ಎಷ್ಟಿವೆ?" ಎಂದು ಕೇಳುವುದು. ಹಾಗೆ ಕೇಳಿದವರನ್ನು ಅರಸಿಕರೆಂದು ಕರೆಯುತ್ತಾರೆ. ಕರೆಯಲಿ.

ಮರಳುಗಾಡಿನ ಆ ಬಸ್ಸು ಜಾಹೀರಾತಿನಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಹತ್ತಿದವರು ಇಳಿಯುವುದನ್ನು ಯಾರೂ ನೋಡಿಲ್ಲ. ಅವರ ಊರು ಯಾವುದು, ಕೂಲಿ ಎಷ್ಟು, ಸಂಜೆ ಮರಳಲು ಬಸ್ಸಿದೆಯೇ ಎಂಬುದನ್ನು ಕೇಳಲು ಕ್ಯಾಮೆರಾಗೆ ಸಮಯವಿರಲಿಲ್ಲ; ಅದಕ್ಕೆ ತೋರಿಸಬೇಕಾದದ್ದು ಹಿಂಬದಿಯ ಫಲಕ. ಇಪ್ಪತ್ತು ವರ್ಷಗಳಿಂದ ಆ ಫಲಕವನ್ನು ನೋಡಿ ನಕ್ಕವರಿಗೆ, ಬಸ್ಸನ್ನು ಒಮ್ಮೆ ನಿಲ್ಲಿಸಿ ಜನರನ್ನು ಇಳಿಸುವಷ್ಟು ಸಮಯ ಈಗಲಾದರೂ ಇರಬೇಕು.